ತಂಗಿಗೆ ಮಲಾವಿಯಲ್ಲಿ ಎರಡು ವರ್ಷದ ಕೆಲಸ: ಅಲ್ಲಿ ದಿನ ಹೇಗಿರುತ್ತದೆ?

ಮುಳ್ಳೇರಿಯದ ಅಣ್ಣ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ನರ್ಸಿಂಗ್ ಮುಗಿಸಿ ಆರು ವರ್ಷ ಇಲ್ಲೇ ಫೀಲ್ಡಿನಲ್ಲಿ ದುಡಿದವಳು. ಈಗ ಆಫ್ರಿಕಾದ ಮಲಾವಿಯ ಮಂಗೋಚಿ ಜಿಲ್ಲೆಯಲ್ಲಿ ಕೆಲಸ ಸಿಕ್ಕಿದೆ, ಕಾಲರಾ ತಡೆ ಮತ್ತು ಕುಡಿಯುವ ನೀರಿನ ವಿಭಾಗದಲ್ಲಿ. ಅಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನೆಟ್ಟಿನಲ್ಲಿ ಹುಡುಕಿದರೆ ಸರೋವರದ ಫೋಟೊ, ರೋಗದ ಲೆಕ್ಕ ಎರಡೇ ಸಿಗುವುದು. ಬೆಳಿಗ್ಗೆ ಎದ್ದು ಎಂತ ಮಾಡುತ್ತಾರೆ, ಎಂತ ತಿನ್ನುತ್ತಾರೆ, ಜನ ಹೇಗೆ? ಇದ್ದು ಬಂದವರು ಯಾರಾದರೂ ಇದ್ದರೆ ಹೇಳಿ.

ಪೆರ್ಲದವಳು:
ಅಣ್ಣಾ, 2022ರಿಂದ ಎರಡು ವರ್ಷ ನಾನು ಮಂಗೋಚಿಯಲ್ಲೇ ಇದ್ದೆ, ಇದೇ ಕೆಲಸದಲ್ಲಿ. ಆ ವರ್ಷ ಮಾರ್ಚಿನಲ್ಲಿ ಶುರುವಾದ ಕಾಲರಾಕ್ಕೆ ಮಲಾವಿಯಲ್ಲಿ 1,700ಕ್ಕೂ ಹೆಚ್ಚು ಜನ ತೀರಿಕೊಂಡರು. ನಾನು ಕಂಡದ್ದು ಕಷ್ಟದ ದಿನಗಳನ್ನು. ತಂಗಿಗೆ ಅಂಥವು ಬಾರದಿರಲಿ.

ಬೆಳಿಗ್ಗೆ ಐದೂವರೆಗೆಲ್ಲ ಬೆಳಕು. ‘ಫಾಲ’ ಅಂತ ಮೆಕ್ಕೆಜೋಳದ ಗಂಜಿ ಕುಡಿದು ಹೊರಡುವುದು. ಜೊತೆಗೆ ಆ ಊರಿನ ಆರೋಗ್ಯ ಕಾರ್ಯಕರ್ತ ಇರುತ್ತಾನೆ, ಎಚ್‌ಎಸ್‌ಎ ಅನ್ನುತ್ತಾರೆ. ಇಲ್ಲಿ ಆಶಾ ಕಾರ್ಯಕರ್ತೆ, ಹೆಲ್ತ್ ಇನ್‌ಸ್ಪೆಕ್ಟರ್ ಇಬ್ಬರು ಮಾಡುವ ಕೆಲಸವನ್ನು ಅವನೊಬ್ಬನೇ ಸೈಕಲ್ ತುಳಿದು ಮಾಡುತ್ತಾನೆ. ಲಸಿಕೆ, ಮಕ್ಕಳ ತೂಕ, ನೀರು, ಕಕ್ಕಸು ಎಲ್ಲ ಅವನ ತಲೆಯ ಮೇಲೆ. ತಂಗಿ ಅವನನ್ನು ಗುರು ಅಂತ ತಿಳಿದುಕೊಳ್ಳಲಿ.

ಮೊದಲ ವಾರ ನಾನೊಂದು ತಪ್ಪು ಮಾಡಿದೆ. ಒಂದು ಮನೆಗೆ ಹೋದವಳೇ ನೀರಿನ ಮಡಕೆಯ ಮುಚ್ಚಳ ತೆಗೆದೆ. ಪರೀಕ್ಷೆಯ ಕೊಳವೆಗೆ ನೀರು ತುಂಬಿ ಡಿಪಿಡಿ ಗುಳಿಗೆ ಹಾಕಿದೆ. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರಬೇಕು. ಏನೂ ಬರಲಿಲ್ಲ. ‘ಯಾಕೆ ಔಷಧಿ ಹಾಕಲಿಲ್ಲ’ ಅಂತ ಕೇಳಿದೆ. ಮನೆಯಲ್ಲಿದ್ದ ಅಜ್ಜಿ ಮುಖ ತಿರುಗಿಸಿ ಕೂತರು, ಮತ್ತೆ ಒಂದು ಮಾತು ಆಡಲಿಲ್ಲ. ಹೊರಗೆ ಬಂದ ಮೇಲೆ ಜೊತೆಗಾರ ಮೆಲ್ಲನೆ ಹೇಳಿಕೊಟ್ಟ: ಅಂಗಳದಲ್ಲಿ ನಿಂತು ‘ಓಡಿ’ ಅನ್ನಬೇಕು, ಒಳಗಿಂದ ‘ಓಡಿನಿ’ ಅಂತ ಬರುವವರೆಗೆ ಕಾಯಬೇಕು. ಚಾಪೆ ಹಾಸಿದರೆ ಕೂರಬೇಕು. ‘ಮ್ವಾಝುಕ ಬ್ವಾಂಜಿ’, ಅಂದರೆ ಹೇಗೆ ಎದ್ದಿರಿ, ಅಂತ ಇದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಬೇಕು. ನೀರಿನ ಮಾತು ಆಮೇಲೆ. ಹೀಗೆ ಮಾಡಿದರೆ ದಿನಕ್ಕೆ ಹತ್ತು ಮನೆ ಆಗುವಲ್ಲಿ ಆರೇ ಆಗುತ್ತದೆ. ಆದರೆ ಆ ಆರು ಮನೆಯವರು ನಿಜ ಹೇಳುತ್ತಾರೆ.

ನಮ್ಮ ಮನೆಯಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಮುರಕಲ್ಲಿನ ಒಳಗಿಂದ ಇಳಿದು ಬರುವ ನೀರಿಗೆ ಬ್ಲೀಚಿಂಗ್ ಪೌಡರ್ ಎಂತಕ್ಕೆ, ವಾಸನೆ ಬರುತ್ತದೆ ಅಂತ ಅಮ್ಮ ನನ್ನ ಹತ್ತಿರವೇ ಜಗಳಾಡುತ್ತಿದ್ದರು. ಆ ಅಜ್ಜಿಯದ್ದೂ ಅದೇ ದೂರು ಅಂತ ಮೂರನೇ ಸಲ ಹೋದಾಗ ಗೊತ್ತಾಯಿತು. ಅಮ್ಮನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ: ಸಂಜೆ ಕ್ಲೋರಿನ್ ಹನಿ ಹಾಕಿ ಮುಚ್ಚಿಡಿ, ಬೆಳಿಗ್ಗೆ ಕುಡಿಯಿರಿ. ಮರುದಿನ ಬೆಳಿಗ್ಗೆ ಗುಳಿಗೆ ಹಾಕಿದರೆ ಕೊಳವೆಯ ತಳದಲ್ಲಿ ತೆಳು ಗುಲಾಬಿ ಎದ್ದಿತು, ವಾಸನೆ ಮಾತ್ರ ಕಡಿಮೆಯಾಗಿತ್ತು. ಅಜ್ಜಿ ಕೊಳವೆಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು. ಮತ್ತೆ ಕೇಳಿದ್ದು, ‘ನಿನ್ನ ಅಮ್ಮ ಇದ್ದಾರಾ?’ ಆಮೇಲೆ ಯಾವಾಗ ಹೋದರೂ ಮೊದಲು ಅಮ್ಮನ ಆರೋಗ್ಯ ವಿಚಾರಿಸುತ್ತಿದ್ದರು.

ಭಾಷೆಗೆ ಹೆದರಬೇಡಿ. ಅಲ್ಲಿ ಚಿಚೇವ, ಚಿಯಾವೊ ಎರಡೂ ಉಂಟು, ಆಫೀಸಿಗೆ ಇಂಗ್ಲಿಷ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಫಾರ್ಮ್ ತುಂಬುವುದು ಮಲಯಾಳದಲ್ಲಿ ಅಂತ ಕಾಸರಗೋಡಿನಲ್ಲಿ ಬೆಳೆದ ನಮಗೆ ಅದು ಹೊಸತಲ್ಲ.

ಕಾಲರಾ ಡೇರೆಯ ಕೆಲಸ ಬಂದರೆ ಮಾತ್ರ ಮನಸ್ಸು ಗಟ್ಟಿ ಬೇಕು. ನಡುವೆ ತೂತು ಇರುವ ಮಂಚ, ಕೆಳಗೆ ಬಕೆಟ್. ನೀರೆಲ್ಲ ಬತ್ತಿಹೋದ 60 ಕಿಲೊದ ಮನುಷ್ಯನಿಗೆ ಮೂರು ಗಂಟೆಯೊಳಗೆ ಆರು ಲೀಟರ್ ಡ್ರಿಪ್ ಹೋಗಬೇಕು. ಸಮಯಕ್ಕೆ ಹೋದರೆ ಬೆಳಿಗ್ಗೆ ಕಣ್ಣು ತೆರೆಯಲಾಗದೆ ಬಂದವರು ಸಂಜೆ ಎದ್ದು ಕೂತು ಗಂಜಿ ಕೇಳುತ್ತಾರೆ. ಅದನ್ನು ನೋಡಿದವಳು ನಾನು. ಹಾಗಾಗಿ ತಂಗಿಯನ್ನು ತಡೆಯಬೇಡಿ.

ಉಪ್ಪಳದ ಲ್ಯಾಬ್ ಟೆಕ್ನಿಷಿಯನ್:
ನಾನು ಮಲಾವಿಯದೇ ಬ್ಲಾಂಟೈರ್ ನಗರದಲ್ಲಿದ್ದೆ. ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಅಡಿಸ್ ಅಬಾಬ ಅಥವಾ ನೈರೋಬಿ ದಾರಿಯಾಗಿ ಹೋಗುವುದಾದರೆ ಹಳದಿ ಜ್ವರದ ಚುಚ್ಚುಮದ್ದನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿ, ಚುಚ್ಚುಮದ್ದಿನ ದಾಖಲೆಯ ಹಳದಿ ಪುಸ್ತಕ ಪಾಸ್‌ಪೋರ್ಟಿನ ಜೊತೆಗೇ ಇರಲಿ. ಪ್ಲಗ್ ಮೂರು ಚಪ್ಪಟೆ ಪಿನ್ನಿನದ್ದು, ನಮ್ಮ ಚಾರ್ಜರ್ ಹಿಡಿಯುವುದಿಲ್ಲ. ಸರೋವರ ಎಷ್ಟು ಚಂದ ಕಂಡರೂ ದಡದ ನೀರಿಗೆ ಇಳಿಯುವುದು ಬೇಡ. ಬಸವನಹುಳದಿಂದ ಹರಡುವ ಬಿಲ್ಹಾರ್ಜಿಯ ಅನ್ನುವ ರೋಗ ಉಂಟು, ಅದರ ಸಣ್ಣ ಹುಳ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಜ್ವರ ಬಂದರೆ ಅದೇ ದಿನ ಮಲೇರಿಯಾ ಟೆಸ್ಟ್. ರಜೆಗೆ ಊರಿಗೆ ಬಂದಾಗ ಜ್ವರ ಬಂದರೂ ಡಾಕ್ಟರ ಹತ್ತಿರ ಮೊದಲು ಹೇಳಬೇಕಾದ್ದು, ‘ಮಲಾವಿಯಿಂದ ಬಂದೆ’ ಅಂತ. ಅಲ್ಲಿಯ ಮಲೇರಿಯಾ ಹೆಚ್ಚಾಗಿ ಫಾಲ್ಸಿಪಾರಂ ಅನ್ನುವ ಅಪಾಯದ ಬಗೆಯದ್ದು, ಕಾಯುವುದಕ್ಕೆ ಸಮಯ ಕೊಡುವುದಿಲ್ಲ.

ಮುಳ್ಳೇರಿಯದ ಅಣ್ಣ:
ತುಂಬ ಉಪಕಾರ ಆಯಿತು. ಅಮ್ಮನಿಗೆ ಓದಿ ಹೇಳಿದೆ. ಅಜ್ಜಿಯ ಕಥೆಯನ್ನು ಎರಡು ಸಲ ಓದಿಸಿದರು. ಈಗ ಅವರ ಪ್ರಶ್ನೆ ಒಂದೇ, ಊಟಕ್ಕೆ ಎಂತ? ಫೋನ್ ಯಾವಾಗ ಮಾಡಬಹುದು?

ಪೆರ್ಲದವಳು:
ಅಮ್ಮನಿಗೆ ಹೇಳಿ: ಮೆಕ್ಕೆಜೋಳದ ಹಿಟ್ಟಿನ ‘ನ್ಸಿಮ’, ಮುದ್ದೆಯ ಹಾಗೆ. ಜೊತೆಗೆ ಸೊಪ್ಪು, ಬೀನ್ಸ್, ಇಲ್ಲವಾದರೆ ‘ಉಸಿಪ’. ಅದು ಸರೋವರದ ಸಣ್ಣ ಮೀನು, ಒಣಗಿಸಿದ್ದನ್ನು ಹುರಿದರೆ ನಮ್ಮ ನೆತ್ತೋಳಿಯದೇ ರುಚಿ. ಅಕ್ಕಿಯೂ ಸಿಗುತ್ತದೆ, ಕಿಲೊಂಬೆರೊ ಅಂತ ಪರಿಮಳದ ಬೆಳ್ತಿಗೆ. ಕುಚ್ಚಲಕ್ಕಿ ನನಗೆ ಎಲ್ಲೂ ಸಿಗಲಿಲ್ಲ. ಎರಡು ಕಿಲೊ ಕಟ್ಟಿಕೊಡಿ, ಜ್ವರ ಬಂದಾಗ ಗಂಜಿಗೆ ಬೇಕಾಗುತ್ತದೆ.

ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಒಂಬತ್ತೂವರೆಗೆ ಕರೆದರೆ ಅಲ್ಲಿ ಸಂಜೆ ಆರು, ತಂಗಿ ಕೈಕಾಲು ತೊಳೆದು ಕೂತಿರುತ್ತಾಳೆ.