ಪದಚರ್ಚೆ: 'ಪಾಸಿಂಗ್ ಎಫಿಷಿಯೆನ್ಸಿ' ಅಂದರೆ ದಕ್ಷತೆಯೇ? 'ರನ್-ಪಾಸ್ ಬ್ಯಾಲೆನ್ಸ್' ಅಂದರೆ ಸಮತೋಲನವೇ?

ಗೆಳೆಯರೇ,

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಒಂದು ಬರಹ ಬರೆಯುತ್ತಿದ್ದೇನೆ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು), ಟಚ್‌ಡೌನ್ (ಎದುರಾಳಿಯ ಗಡಿ ದಾಟಿ ಅಂಕ ಗಳಿಸುವುದು), ಪಾಸ್ (ಎಸೆತ) ಎಲ್ಲ ಹಾಗೇ ಇರಲಿ, ಅದರಲ್ಲಿ ತಕರಾರಿಲ್ಲ. ತೊಡಕು ಮೇಲಿನ ಎರಡು ಪದಗಳಿಗೆ ಕನ್ನಡ ಹುಡುಕುವುದರಲ್ಲಿ.

ಆಟ ನೋಡದವರಿಗೆ ಒಂದು ಮಾತು. ನಾಲ್ಕು ಅವಕಾಶದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಚೆಂಡು ಹಿಡಿದು ಓಡಬಹುದು, ಇಲ್ಲವೇ ಮುಂದಿನವನಿಗೆ ಎಸೆಯಬಹುದು. ಯಾವುದನ್ನು ಎಷ್ಟು ಮಾಡಬೇಕು ಅನ್ನುವುದೇ ಜಗಳ.

ಮೊದಲು 'ದಕ್ಷತೆ'. ದಕ್ಷ ಅಧಿಕಾರಿ ಅನ್ನುತ್ತೇವೆ, ಅದು ಮನುಷ್ಯನ ಗುಣ. ಇಲ್ಲಿರುವುದು ಲೆಕ್ಕ. ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ 1979ರಿಂದ ಬಳಸುವ ಸೂತ್ರ ಹೀಗಿದೆ: ಎಸೆದು ಗಳಿಸಿದ ಗಜಗಳನ್ನು 8.4ರಿಂದ ಗುಣಿಸಿ. ಪ್ರತಿ ಟಚ್‌ಡೌನಿಗೆ 330, ನಮ್ಮವರು ಹಿಡಿದ ಪ್ರತಿ ಎಸೆತಕ್ಕೆ 100 ಸೇರಿಸಿ. ಎದುರಾಳಿ ಕೈಗೆ ಹೋದ ಪ್ರತಿ ಎಸೆತಕ್ಕೆ 200 ಕಳೆಯಿರಿ. ಬಂದದ್ದನ್ನು ಒಟ್ಟು ಎಸೆತಗಳಿಂದ ಭಾಗಿಸಿ. 1965ರಿಂದ 1978ರವರೆಗಿನ ಸರಾಸರಿ 100 ಬರುವ ಹಾಗೆ ಇದನ್ನು ಹೊಂದಿಸಿದ್ದಾರೆ. 2019ರಲ್ಲಿ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ತಂಡದ ಕ್ವಾರ್ಟರ್‌ಬ್ಯಾಕ್ ಜೋ ಬರೋ 527 ಸಲ ಎಸೆದರು. 402 ಸಲ ಅವರ ತಂಡದವರೇ ಹಿಡಿದರು. 5,671 ಗಜ, 60 ಟಚ್‌ಡೌನ್, ಎದುರಾಳಿಗೆ ಸಿಕ್ಕಿದ್ದು ಬರೀ 6. ಲೆಕ್ಕ ಹಾಕಿದರೆ ಸುಮಾರು 202!

ಒಟ್ಟು ಎಷ್ಟು ಬಂತು ಅಂತಲ್ಲ, ಎಸೆತಕ್ಕೆ ಎಷ್ಟು ಬಂತು ಅಂತ. ಎಕರೆಗೆ ಇಷ್ಟು ಕ್ವಿಂಟಲ್ ಅನ್ನುವ ಹಾಗೆ. ಅದಕ್ಕೇ 'ಎಸೆತದ ಇಳುವರಿ' ಅಂತ ಬರೆಯೋಣ ಅಂದುಕೊಂಡಿದ್ದೇನೆ. ಪೂರ್ತಿ ಶ್ರೇಯ ಕ್ವಾರ್ಟರ್‌ಬ್ಯಾಕ್ ಒಬ್ಬನಿಗೇ ಹೋಗುವುದಿಲ್ಲ, ಅದೂ ಒಳ್ಳೆಯದೇ. ಹಿಡಿಯುವವರು, ಅಡ್ಡ ನಿಂತು ಕಾಯುವವರು ಇಲ್ಲದೆ ಆ 202 ಎಲ್ಲಿಂದ ಬರಬೇಕು?

'ಸಮತೋಲನ' ಇನ್ನೂ ಕಷ್ಟ. ಅದರಲ್ಲೇ 'ಸಮ' ಕೂತಿದೆ. ಓದುಗರು ಅರ್ಧ ಓಟ, ಅರ್ಧ ಎಸೆತ ಅಂದುಕೊಳ್ಳುತ್ತಾರೆ. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿದ್ದ ಮೈಕ್ ಲೀಚ್ ಈ ಅರ್ಧರ್ಧದ ಲೆಕ್ಕವನ್ನೇ ಒಪ್ಪುತ್ತಿರಲಿಲ್ಲ. ಚೆಂಡು ಎಲ್ಲ ಜಾಗದ ಆಟಗಾರರಿಗೂ ಸಿಗುತ್ತಿದ್ದರೆ ಅದೇ ಬ್ಯಾಲೆನ್ಸ್ ಅನ್ನುವುದು ಅವರ ವಾದ. ಅವರ ತಂಡಗಳು ಎಸೆದದ್ದೇ ಜಾಸ್ತಿ. ಇನ್ನೊಂದು ತುದಿಯಲ್ಲಿ ಟ್ರಿಪಲ್ ಆಪ್ಷನ್ (ಓಟವನ್ನೇ ನೆಚ್ಚಿದ ತಂತ್ರ) ಆಡಿದ ಆರ್ಮಿ, ನೇವಿ ಎಂಬ ಸೇನಾ ಕಾಲೇಜುಗಳ ತಂಡಗಳು. ಓಟವೇ ಓಟ. ಓಟ ತಡೆಯಲು ಎದುರಾಳಿಗಳೆಲ್ಲ ಮುಂದೆ ಬಂದಾಗ ಅಪರೂಪಕ್ಕೆ ಒಂದು ಎಸೆತ, ಅದಕ್ಕೆ ಭಾರೀ ಗಜ. ಅಂದರೆ ಇಳುವರಿ ಚೆನ್ನಾಗಿರಲು ಎರಡೂ ಸಮ ಇರಬೇಕೆಂದೇನಿಲ್ಲ.

ಸಮ ಇದೆಯೋ ಇಲ್ಲವೋ ಎಣಿಸುವುದೂ ಸುಲಭವಲ್ಲ. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ ಅದು ಸ್ಯಾಕ್. ಕಾಲೇಜು ಲೆಕ್ಕದಲ್ಲಿ ಸ್ಯಾಕ್ ಓಟದ ಖಾತೆಗೆ ಹೋಗುತ್ತದೆ, ಕಳೆದುಕೊಂಡ ಗಜವೂ ಅಲ್ಲೇ. ಎಸೆಯಲು ಹೋಗಿ ಬಿದ್ದವನು ಓಡಿದವನಾಗಿಬಿಡುತ್ತಾನೆ, ವಿಚಿತ್ರ ಅಲ್ವಾ? ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆ ಗಜಗಳನ್ನು ತಂಡದ ಪಾಸ್ ಗಳಿಕೆಯಿಂದ ಕಳೆಯುತ್ತಾರೆ. ಇನ್ನು ಮುಂದಿರುವ ತಂಡ ಗಡಿಯಾರ ಓಡಲಿ ಅಂತ ಕೊನೆಯಲ್ಲಿ ಸುಮ್ನೆ ಓಡುತ್ತಾ ಇರುತ್ತದೆ. ಆಮೇಲೆ ಅಂಕಿ ನೋಡಿದವರು 'ಜಾಸ್ತಿ ಓಡಿದ್ದಕ್ಕೇ ಗೆದ್ದರು' ಅನ್ನುತ್ತಾರೆ. ಗೆಲ್ಲುತ್ತಿದ್ದರು, ಅದಕ್ಕೇ ಓಡಿದರು.

ಹಾಗಾಗಿ ಎರಡು ಪದ ಬೇಕು ಅನ್ನಿಸುತ್ತದೆ. ಬರೀ ಎಣಿಕೆಗೆ 'ಪಾಲು': ಓಟದ ಪಾಲು ಇಷ್ಟು, ಎಸೆತದ ಪಾಲು ಇಷ್ಟು. ಕೋಚ್ ಹುಡುಕುವ ಸರಿಯಾದ ಬೆರಕೆಗೆ 'ಹದ'. ಹದ ಅಂದರೆ ಸಮ ಅಂತ ಯಾರೂ ತಿಳಿಯುವುದಿಲ್ಲ. 'ರನ್' ಬಿಟ್ಟು 'ಓಟ' ಅಂದದ್ದೂ ಬೇಕೆಂದೇ. ನಮ್ಮವರ ಕಿವಿಗೆ ರನ್ ಅಂದರೆ ಕ್ರಿಕೆಟ್ಟೇ.

ನನ್ನ ಪ್ರಶ್ನೆ: 'ಎಫಿಷಿಯೆಂಟ್ ಅಫೆನ್ಸ್' (ಅಫೆನ್ಸ್ ಅಂದರೆ ಚೆಂಡು ಕೈಯಲ್ಲಿರುವ ತಂಡದ ದಾಳಿ) ಅಂತ ಗುಣವಾಚಕವಾಗಿ ಬಂದಾಗ ಏನು ಮಾಡುವುದು? 'ಇಳುವರಿಯ ದಾಳಿ' ಅಂದರೆ ಯಾರಿಗೂ ಅರ್ಥವಾಗದು. 'ಗಿಟ್ಟುವ ಆಟ' ಹೊಂದುತ್ತದೆಯೇ? ಹಾಕಿದ್ದಕ್ಕೆ ತಕ್ಕ ಫಲ ಸಿಕ್ಕರೆ ಹಳೇ ಮೈಸೂರು ಕಡೆ 'ಗಿಟ್ಟುತ್ತೆ' ಅನ್ನುತ್ತೇವೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರ ಕಿವಿಗೆ ಇದು ಹೇಗೆ ಕೇಳಿಸುತ್ತದೆ, ತಿಳಿಸಿ.