ಎರಡು ಲೇಸರ್ ಅಡ್ಡ ಹಾಯುವಲ್ಲಿ ಎಲೆಕ್ಟ್ರಾನ್: ಲೆಕ್ಕ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ (ಬದಿಯಡ್ಕ, ಎಂಎಸ್ಸಿ ಪ್ರಾಜೆಕ್ಟ್): ಸರ್, 0.8 ಮೈಕ್ರಾನಿನ ಎರಡು ಲೇಸರ್ ಪಲ್ಸ್ 90 ಡಿಗ್ರಿಯಲ್ಲಿ ಅಡ್ಡ ಹಾಯುವ ಹಾಗೆ ಪೈಥಾನಿನಲ್ಲಿ ಕೋಡ್ ಬರೆದಿದ್ದೇನೆ. ಒಂದೊಂದರ ತೀವ್ರತೆ ಚದರ ಸೆಂ.ಮೀ.ಗೆ 2×10¹⁸ ವ್ಯಾಟ್, ಫೋಕಸ್ ತ್ರಿಜ್ಯ 5 ಮೈಕ್ರಾನ್, ಪಲ್ಸ್ 30 ಫೆಮ್ಟೋಸೆಕೆಂಡ್. ನಡುವೆ ನಿಂತಿದ್ದ ಎಲೆಕ್ಟ್ರಾನ್ ಎಷ್ಟು ಶಕ್ತಿಯಲ್ಲಿ ಹೊರಬರುತ್ತದೆ ಎಂಬುದು ಟೈಮ್ ಸ್ಟೆಪ್ (ಲೆಕ್ಕದ ಒಂದು ಹೆಜ್ಜೆಯ ಸಮಯ) ಅರ್ಧ ಮಾಡಿದರೆ ಬದಲಾಗುತ್ತದೆ. ಎಲೆಕ್ಟ್ರಾನ್ ಸೂಸುವ ಬೆಳಕಿನ ಸ್ಪೆಕ್ಟ್ರಮಿನ ಮೇಲ್ತುದಿಯಲ್ಲಿ ಬರೀ ಗೊಜಲು. ಎಂತ ತಪ್ಪು?

ಉತ್ತರ: ಮೊದಲು ಒಂದು ಲೇಸರ್ ಬಂದ್ ಮಾಡಿ, ಇನ್ನೊಂದನ್ನು ಫೋಕಸ್ ಇಲ್ಲದ ಸಮತಲ ಅಲೆ ಮಾಡಿ ಓಡಿಸಿ. ಗ್ಯಾಮಾದಿಂದ (ಎಲೆಕ್ಟ್ರಾನಿನ ಒಟ್ಟು ಶಕ್ತಿ ಅದರ ನಿಶ್ಚಲ ಶಕ್ತಿಯ ಎಷ್ಟು ಪಟ್ಟು ಎಂಬ ಸಂಖ್ಯೆ) ಅಲೆಯ ದಿಕ್ಕಿನ ಸಂವೇಗವನ್ನು (ಎಂಸಿ, ಅಂದರೆ ಎಲೆಕ್ಟ್ರಾನಿನ ದ್ರವ್ಯರಾಶಿ × ಬೆಳಕಿನ ವೇಗ, ಲೆಕ್ಕದಲ್ಲಿ) ಕಳೆದರೆ ಉದ್ದಕ್ಕೂ 1 ಇರಬೇಕು, ಪಲ್ಸ್ ದಾಟಿದ ಮೇಲೆ ಎಲೆಕ್ಟ್ರಾನ್ ಪುನಃ ನಿಲ್ಲಬೇಕು. ಹಾಗಾಗದಿದ್ದರೆ ತಪ್ಪು ಸ್ಟೆಪ್ಪಿನದ್ದು, ಇಲ್ಲವೇ ಬಿಟ್ಟುಹೋದ ಕಾಂತಕ್ಷೇತ್ರದ್ದು. ಒಂದು ಆವರ್ತ 2.67 ಫೆಮ್ಟೋಸೆಕೆಂಡ್. ಅದನ್ನು ನೂರು ಪಾಲು ಮಾಡಿ, ಬೋರಿಸ್ ವಿಧಾನ (ಕಣದ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಕ್ರಮ) ಹಾಕಿ. ಕಾಂತಕ್ಷೇತ್ರ ಬಿಟ್ಟಿದ್ದರೆ ಸೇರಿಸಿ. ನಿಮ್ಮ ತೀವ್ರತೆಗೆ ಎ-ನಾಟ್ (ಲೇಸರ್ ಕ್ಷೇತ್ರದ ಬಲ ಹೇಳುವ ಸಂಖ್ಯೆ, 1ರ ಹತ್ತಿರ ಬಂದರೆ ಎಲೆಕ್ಟ್ರಾನಿನ ವೇಗ ಬೆಳಕಿನದ್ದಕ್ಕೆ ಹತ್ತಿರ) ಸುಮಾರು 0.97. ಅಲ್ಲಿ '8'ರ ಆಕಾರದ ಓಟ ಮೂಡುವುದೇ ಕಾಂತಬಲದಿಂದ.

ಅದು ಸರಿಯಾದ ಮೇಲೆ ಫೋಕಸ್. ಗಾಸಿಯನ್ ಕಿರಣಕ್ಕೆ (ನಡುವೆ ತೀವ್ರ, ಅಂಚಿಗೆ ಮೆಲ್ಲನೆ ಮಂಕಾಗುವ ಕಿರಣ) ಅಡ್ಡ ಕ್ಷೇತ್ರ ಮಾತ್ರ ಬರೆದರೆ ಮ್ಯಾಕ್ಸ್‌ವೆಲ್ ಸಮೀಕರಣಕ್ಕೆ ಅದು ಕೂಡುವುದಿಲ್ಲ. ಸಾಗುವ ದಿಕ್ಕಿನಲ್ಲೂ ಸಣ್ಣ ಕ್ಷೇತ್ರ ಉಂಟು. 5 ಮೈಕ್ರಾನಿಗೆ ಅಡ್ಡ ಕ್ಷೇತ್ರದ ಸುಮಾರು ಶೇ. 2.5. ಸಣ್ಣದೆಂದು ಬಿಟ್ಟಿರೋ, ಇಲ್ಲದ ಶಕ್ತಿ ಹುಟ್ಟಿಕೊಳ್ಳುತ್ತದೆ.

ಇಷ್ಟಾಗಿಯೂ ಎರಡೂ ಲೇಸರ್ ಹಾಕಿದಾಗ ಉತ್ತರ ಅಲ್ಲಾಡಬಹುದು. ಅದು ಕೋಡಿನ ದೋಷವೇ ಆಗಬೇಕೆಂದಿಲ್ಲ. ಬೇಕಲ ಕೋಟೆಯ ಬುಡದಲ್ಲಿ ಬಂಡೆಗೆ ಬಡಿದು ಹಿಂದಿರುಗುವ ಅಲೆ, ಬರುವ ಅಲೆಯನ್ನು ಓರೆಯಾಗಿ ದಾಟುವ ಜಾಗಕ್ಕೆ ಒಂದು ತೆಂಗಿನಕಾಯಿ ಎಸೆದು ನೋಡಿ, ಯಾವ ಕಡೆ ಹೋಗುತ್ತದೆಂದು ಹೇಳಲಿಕ್ಕಾಗುವುದಿಲ್ಲ. ಎರಡನೇ ಅಲೆ ಬಂದೊಡನೆ ಆ '1' ಉಳಿಯುವುದಿಲ್ಲ, ಪಥ ಅರಾಜಕವಾಗಬಹುದು (ಆರಂಭದ ಚೂರು ವ್ಯತ್ಯಾಸಕ್ಕೂ ಪೂರ್ತಿ ಬದಲಾಗಬಹುದು). ಹಾಗಾಗಿ ಒಂದು ಎಲೆಕ್ಟ್ರಾನ್ ನಂಬಬೇಡಿ. ಸಾವಿರವನ್ನು ಬೇರೆ ಬೇರೆ ಜಾಗದಿಂದ ಬಿಟ್ಟು, ಶಕ್ತಿಯ ಹಂಚಿಕೆ ಸ್ಟೆಪ್ಪಿಗೆ ಬದಲಾಗುತ್ತದೋ ನೋಡಿ.

ಮರುಪ್ರಶ್ನೆ: ಎರಡು ಲೇಸರ್ ಕೂಡುವಲ್ಲಿ ಬೆಳಕು-ಕತ್ತಲೆಯ ಪಟ್ಟೆಗಳು ಒಮ್ಮೆ ಕಾಣುತ್ತವೆ, ಒಮ್ಮೆ ಇಲ್ಲ. ಮತ್ತೆ ಆ ಸ್ಪೆಕ್ಟ್ರಮ್?

ಉತ್ತರ: ಪಟ್ಟೆಗೆ ಕಾರಣ ಧ್ರುವೀಕರಣ, ಅಂದರೆ ವಿದ್ಯುತ್ ಕ್ಷೇತ್ರ ತೂಗುವ ದಿಕ್ಕು. ಎರಡರ ವಿದ್ಯುತ್ ಕ್ಷೇತ್ರವೂ ಕಿರಣಗಳ ಸಮತಲಕ್ಕೆ ಲಂಬವಾಗಿದ್ದರೆ 0.57 ಮೈಕ್ರಾನ್ ಅಂತರದ ಪಟ್ಟೆ ಬರುತ್ತದೆ, ಎಲೆಕ್ಟ್ರಾನನ್ನು ಸರಾಸರಿಯಲ್ಲಿ ಕತ್ತಲೆ ಪಟ್ಟೆಯ ಕಡೆಗೆ ದೂಡುತ್ತದೆ. ಕ್ಷೇತ್ರಗಳು ಆ ಸಮತಲದೊಳಗೇ ಇದ್ದರೆ 90 ಡಿಗ್ರಿಯಲ್ಲಿ ಒಂದಕ್ಕೊಂದು ಲಂಬ, ತೀವ್ರತೆಯ ಪಟ್ಟೆ ಮೂಡುವುದೇ ಇಲ್ಲ.

ಸ್ಪೆಕ್ಟ್ರಮಿನ ಗೊಜಲು ಹೆಚ್ಚಾಗಿ ಎಫ್‌ಎಫ್‌ಟಿಯ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕದ) ಮೊದಲೇ ಆಗಿರುತ್ತದೆ. ಎಲೆಕ್ಟ್ರಾನಿನ ಗಡಿಯಾರದಲ್ಲಿ ಸಮ ಅಂತರದ ಬಿಂದುಗಳು ನೋಡುವವನ ಗಡಿಯಾರದಲ್ಲಿ ಸಮ ಅಲ್ಲ. ಎಲೆಕ್ಟ್ರಾನ್ ನಮ್ಮತ್ತ ಓಡುವಾಗ ಒತ್ತಿಕೊಳ್ಳುತ್ತವೆ. ನೋಡುವವನ ಸಮಯಕ್ಕೆ ಬದಲಿಸಿ, ಸಮ ಅಂತರಕ್ಕೆ ಇಂಟರ್‌ಪೊಲೇಟ್ ಮಾಡಿ (ನಡುವಿನ ಬೆಲೆ ಅಂದಾಜಿಸಿ), ಆಮೇಲೆ ಎಫ್‌ಎಫ್‌ಟಿ. ಪಲ್ಸ್ ಪೂರ್ತಿ ಇಳಿಯುವ ಮುಂಚೆ ಓಟ ಕಡಿದರೂ ಸುಳ್ಳು ಎತ್ತರದ ಆವರ್ತನ ಬರುತ್ತದೆ.

ಇನ್ನೊಬ್ಬರು (ಮಂಜೇಶ್ವರ): ಎಕ್ಸ್‌ರೇ ತೆಗೆಯಲಿಕ್ಕೆ ವೇಗದ ಎಲೆಕ್ಟ್ರಾನ್ ಕಿರಣಕ್ಕೆ ಲೇಸರನ್ನು ಅಡ್ಡ ಹಾಯಿಸಿದರೆ? ಎದುರಿನಿಂದಲೇ ಹೊಡೆಯುವುದು ಲಾಭ ಅಲ್ಲವಾ?

ಉತ್ತರ: ಶಕ್ತಿಯಲ್ಲಿ ಲಾಭ ಹೌದು. ಮುಖಾಮುಖಿಯಲ್ಲಿ, ಎಲೆಕ್ಟ್ರಾನಿಗೆ ಬಡಿದು ಚಿಮ್ಮುವ ಫೋಟಾನಿನ (ಬೆಳಕಿನ ಕಣದ) ಶಕ್ತಿ ಗ್ಯಾಮಾ ವರ್ಗದ 4 ಪಟ್ಟು ಏರುತ್ತದೆ, 90 ಡಿಗ್ರಿಯಲ್ಲಿ 2 ಪಟ್ಟು. ಆದರೆ ಅಡ್ಡ ಹಾಯಿಸಿದರೆ ಎಕ್ಸ್‌ರೇ ಪಲ್ಸಿನ ಅವಧಿ ಎಲೆಕ್ಟ್ರಾನ್ ಗುಂಪಿನ ಉದ್ದದಿಂದಲ್ಲ, ಲೇಸರ್ ಅದರ ಅಗಲ ದಾಟುವ ಹೊತ್ತಿನಿಂದ ನಿರ್ಧಾರವಾಗುತ್ತದೆ. 1996ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 50 ಎಂಇವಿ (5 ಕೋಟಿ ಎಲೆಕ್ಟ್ರಾನ್‌ವೋಲ್ಟ್) ಎಲೆಕ್ಟ್ರಾನ್‌ಗಳಿಂದ ಹೀಗೇ ಸುಮಾರು 30 ಕೆಇವಿ (30 ಸಾವಿರ ಎಲೆಕ್ಟ್ರಾನ್‌ವೋಲ್ಟ್), 300 ಫೆಮ್ಟೋಸೆಕೆಂಡಿನ ಎಕ್ಸ್‌ರೇ ತೆಗೆದರು. ಗ್ಯಾಮಾ 99, ಲೇಸರ್ ಫೋಟಾನ್ 1.55 ಇವಿ ಹಾಕಿ ಗುಣಿಸಿ (2 × 99² × 1.55), ಅದೇ ಸಂಖ್ಯೆ ಬರುತ್ತದೆ.