ಕೆರೆ ಕಾಣುವ ಫ್ಲಾಟ್‌ಗೆ ಎರಡು ಲಕ್ಷ ಜಾಸ್ತಿ ಕೊಡಬಹುದಾ?

ಬಾಡಿಗೆಮನೆ:
ಬೆಂಗಳೂರಿನ ಜಕ್ಕೂರು ಕೆರೆ ಕಡೆ 1,200 ಚದರಡಿಯ ಫ್ಲಾಟ್ ನೋಡಿದ್ದೇವೆ. ರಸ್ತೆ ಕಡೆಯದಕ್ಕಿಂತ ಕೆರೆ ಕಾಣುವುದಕ್ಕೆ ಚದರಡಿಗೆ 180 ರೂಪಾಯಿ ಜಾಸ್ತಿ. ಒಟ್ಟು 2,16,000. ಬಾಲ್ಕನಿ ನೋಡಿದ್ದೇ ನಮ್ಮನೆಯವಳು ಮನಸೋತಿದ್ದಾಳೆ. ನಾಳೆ ಮಾರಿದರೆ ಈ ದುಡ್ಡು ವಾಪಸ್ ಬರುತ್ತದಾ?

ಏರಿಕೆಳಗಿನವ:
2013ರಲ್ಲಿ ಬೆಳ್ಳಂದೂರು ಕೆರೆ ಹತ್ತಿರ ಹೀಗೇ ಜಾಸ್ತಿ ಕೊಟ್ಟು ತೆಗೆದುಕೊಂಡವನು ನಾನು. 2015ರಲ್ಲಿ ಕೊಳಚೆ ತುಂಬಿದ ಆ ಕೆರೆಯ ನೊರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಬಿತ್ತು, ಆರಿಸಲು ಸೈನಿಕರೂ ಬಂದರು. ನಮ್ಮ ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿದ್ದೇ ಹಾಕಿದ್ದು. ಬಾಡಿಗೆಗೆ ಬಂದವರು "ಆ ಕಡೆ ಕಿಟಕಿ ಇಲ್ಲದ ಮನೆ ಇದೆಯಾ?" ಅಂತ ಕೇಳುತ್ತಿದ್ದರು!

ಜಕ್ಕೂರಿನ ಕಥೆ ಬೇರೆ. ಅಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡಿನ ನಡುವೆ ಹಾದು ಕೆರೆ ಸೇರುತ್ತದೆ. ಆದರೂ ಕೋಡಿ, ಅಂದರೆ ತುಂಬಿದ ಕೆರೆಯ ನೀರು ಹೊರಗೆ ಹರಿಯುವ ಜಾಗ, ಎಲ್ಲಿದೆ ಅಂತ ನೋಡಿಕೊಳ್ಳಿ. ಏರಿ ಕೆಳಗಿನ ಜಾಗ ಅಂದರೆ ಹಿಂದೆ ಗದ್ದೆ. ಮಳೆ ನೀರಿಗೆ ಆ ದಾರಿ ಮರೆತಿರುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಬೇಸ್‌ಮೆಂಟ್‌ನಲ್ಲಿ ನನ್ನ ಕಾರು ಕಿಟಕಿ ಮಟ್ಟ ಮುಳುಗಿತ್ತು. ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರ್ ಹಾಕಿ, ಮಳೆನೀರಿನ ದೊಡ್ಡ ಕಾಲುವೆ, ಅದೇ ರಾಜಕಾಲುವೆ, ಎಲ್ಲಿ ಹಾದಿದೆ ನೋಡಿ. ನಾನು ನೋಡಿರಲಿಲ್ಲ.

ಹಳೇಕಡತ:
ಬಫರ್, ಅಂದರೆ ಕೆರೆಯಂಚಿನಿಂದ ಏನೂ ಕಟ್ಟದೆ ಬಿಡಬೇಕಾದ ಜಾಗ, ಎಷ್ಟು ಅಂತ ಕೂಡ ಕೇಳಿ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಬಿಡಬೇಕು ಅಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಗರದ ಮಾಸ್ಟರ್ ಪ್ಲಾನ್‌ನ 30 ಮೀಟರ್ ಉಳಿಯಿತು. ಈ ಗೊಂದಲದ ಜಾಗದಲ್ಲಿ ಕಟ್ಟಿದ ಮನೆಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಸಾಲ ಸಿಗದ ಮನೆ ಕೊಳ್ಳುವವರು ಕಡಿಮೆ.

ಏರಿಕೆಳಗಿನವ:
ಹೌದು, ಇನ್ನೊಂದು. ಕೆರೆಗೂ ನಿಮಗೂ ಮಧ್ಯೆ ಖಾಲಿ ಸೈಟ್ ಇದ್ದರೆ ಅಲ್ಲೊಂದು ಅಪಾರ್ಟ್‌ಮೆಂಟ್ ಎದ್ದಿತು ಅಂತಲೇ ಲೆಕ್ಕ ಹಾಕಿ. ನೋಟ ಹೋದರೂ 2,16,000 ಹೋಗಿದ್ದೇ. ಕೆರೆ ಸುತ್ತ ನಡೆಯುವ ದಾರಿ ರಸ್ತೆ ಕಡೆ ಫ್ಲಾಟಿನವರಿಗೂ ಬಿಟ್ಟಿಯೇ ಅಲ್ವಾ? ನನಗಾದರೆ ಅದೇ ಸಾಕು.

ಬಾಡಿಗೆಮನೆ:
ಭಾನುವಾರ ಮತ್ತೆ ಹೋಗಿದ್ದೆ. ಕೋಡಿ ಎಲ್ಲಿದೆ ಅಂತ ಸೇಲ್ಸ್ ಹುಡುಗನನ್ನು ಕೇಳಿದೆ. ಬ್ರೋಷರ್ ತಿರುವಿಹಾಕಿ, "ಅದು ಕ್ಲಬ್‌ಹೌಸ್ ಜೊತೆ ಬರುತ್ತೆ ಸಾರ್" ಅಂದ.